ಕೆಂಪು ವೈನಿನ ಪಂಕ್ತಿಭೇದ

ಕನ್ನಡದಲ್ಲಿ ‘ನಂಜಿಕೊಳ್ಳು’ ಎಂಬ ಕ್ರಿಯಾಪದವಿದೆ. ಗಂಜಿಗೆ ಉಪ್ಪಿನಕಾಯಿ, ರೊಟ್ಟಿಗೆ ಚಟ್ನಿಪುಡಿ, ಮೊಸರನ್ನಕ್ಕೆ ಬಾಳಕದ ಮೆಣಸಿನಕಾಯಿ. ಎಲೆಯ ಮೇಲೆ ಮುಖ್ಯವಾದದ್ದು ಒಂದು, ಅದರ ಪಕ್ಕಕ್ಕೆ ಸ್ವಲ್ಪವೇ ಇನ್ನೊಂದು. ಒಂದು ತುತ್ತು ಇದು, ನಾಲಿಗೆಗೆ ಮುಟ್ಟಿಸುವಷ್ಟು ಅದು. ಇಟಲಿಯ ಜನ ಊಟದ ಜೊತೆ ಕೆಂಪು ವೈನು ಕುಡಿಯುವುದನ್ನು ಹತ್ತಿರದಿಂದ ನೋಡಿದಾಗ ನನಗೆ ಹೊಳೆದದ್ದು ಇದೇ ಶಬ್ದ. ಅವರು ವೈನನ್ನು ನಂಜಿಕೊಳ್ಳುತ್ತಾರೆ. ನಮ್ಮ ಕಡೆ ಈ ವ್ಯವಹಾರ ತಿರುಗುಮುರುಗು. ಇಲ್ಲಿ ಕುಡಿತವೇ ಊಟದ ಜಾಗದಲ್ಲಿ ಕೂತಿರುತ್ತದೆ, ಖಾರದ ಕಡಲೆಬೀಜ ಅದಕ್ಕೆ ನಂಜಿಕೊಳ್ಳಲು ಬಂದದ್ದು. ಹಾಗಾಗಿ ನಮ್ಮಲ್ಲಿ ‘ಊಟಕ್ಕೆ ತಕ್ಕ ವೈನು’ ಎಂದರೆ ಸಿನಿಮಾದ ಶ್ರೀಮಂತರ ಷೋಕಿಯ ಹಾಗೆ ಕೇಳಿಸುತ್ತದೆ. ಇಟಲಿಯಲ್ಲಿ ಅದು ಷೋಕಿಯೂ ಹೌದು, ಷೋಕಿಗಿಂತ ಬಹಳ ಹಳೆಯದಾದ ಬೇರೊಂದು ಸಂಗತಿಯೂ ಹೌದು. ಆ ಬೇರೊಂದು ಸಂಗತಿಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಇತ್ತು.

ಮಾಂಸ ತಿನ್ನದ, ವೈನನ್ನು ಎರಡು ಗುಟುಕಿಗೆ ನಿಲ್ಲಿಸುವ ನನ್ನಂಥ ಇತಿಹಾಸದ ಮೇಷ್ಟ್ರು ಈ ವಿಷಯ ಎತ್ತಿಕೊಳ್ಳುವುದು ಅಧಿಕಪ್ರಸಂಗ ಎನ್ನುವವರು ಇದ್ದಾರು. ಇರಲಿ. 1994–95ರಲ್ಲಿ ಹತ್ತು ತಿಂಗಳು ಸಿಯೆನಾ ಪಟ್ಟಣದಲ್ಲಿದ್ದೆ. ನಮ್ಮ ಮಲೆನಾಡಿನ ಗೇಣಿ ಪದ್ಧತಿಯ ಮೇಲೆ ಕೆಲಸ ಮಾಡುತ್ತಿದ್ದವನಿಗೆ ಅಲ್ಲಿನ ಅರೆಪಾಲಿನ ಬೇಸಾಯದ ಕಾಗದಪತ್ರಗಳನ್ನು ನೋಡುವ ಅವಕಾಶ ಸಿಕ್ಕಿತ್ತು. ಕಾಗದದಲ್ಲಿ ಹುಡುಕುತ್ತಿದ್ದದ್ದು ಭೂಮಿಯ ಲೆಕ್ಕ. ಆದರೆ ಟಸ್ಕನಿಯಲ್ಲಿ ಭೂಮಿಯ ಲೆಕ್ಕ ತೆರೆದರೆ ಪ್ರತಿ ಪುಟದಲ್ಲೂ ವೈನಿನ ಪೀಪಾಯಿ ಎದುರಾಗುತ್ತದೆ.

ಮೊದಲು ರುಚಿಯ ಮಾತು. ಕೆಂಪು ವೈನಿಗೂ ಬಿಳಿ ವೈನಿಗೂ ಇರುವ ಮುಖ್ಯ ವ್ಯತ್ಯಾಸ ಬಣ್ಣದ್ದಲ್ಲ, ಒಗರಿನದು. ಕೆಂಪು ವೈನನ್ನು ಕರಿದ್ರಾಕ್ಷಿಯ ಸಿಪ್ಪೆ, ಬೀಜಗಳ ಸಮೇತ ಹುದುಗಲು ಬಿಡುತ್ತಾರೆ. ಆಗ ಸಿಪ್ಪೆಯ ಬಣ್ಣದ ಜೊತೆಗೆ ಟ್ಯಾನಿನ್ ಎಂಬ ವಸ್ತುವೂ ರಸಕ್ಕೆ ಇಳಿಯುತ್ತದೆ. ಯುರೋಪಿನವರಿಗೆ ಇದನ್ನು ವಿವರಿಸುವಾಗ ಪುಸ್ತಕಗಳು ಅರ್ಧ ಪುಟ ಕಷ್ಟಪಡುತ್ತವೆ. ಷಡ್ರಸಗಳಲ್ಲಿ ಒಗರಿಗೂ ಒಂದು ಮಣೆ ಹಾಕಿಟ್ಟ ನಮಗೆ ಆ ಕಷ್ಟವಿಲ್ಲ. ಬಾಳೆಕಾಯಿ, ನೆಲ್ಲಿಕಾಯಿ, ಹಸಿ ಅಡಿಕೆ ಎಂದರೆ ಸಾಕು. ನಮ್ಮೂರಿನಲ್ಲಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕಡುಕೆಂಪು ನೀರಿಗೆ ‘ಚೊಗರು’ ಎಂದೇ ಹೆಸರು. ಮುಂದಿನ ಅಡಿಕೆಗೆ ಬಣ್ಣ ಕಟ್ಟುವುದು ಅದರಿಂದಲೇ. ಟ್ಯಾನಿನ್ ಎಂದರೆ ಆ ಚೊಗರು.

ಒಗರು ನಾಲಿಗೆಯ ಮೇಲೆ ಮಾಡುವ ಕೆಲಸವೇನೆಂದರೆ, ಎಂಜಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಕಟ್ಟಿಹಾಕುವುದು. ಬಾಯಿಯ ಜಾರುತನ ಹೋಗಿ ಒಳಗೆಲ್ಲ ಒರಟಾಗುತ್ತದೆ. ಆ ಹೊತ್ತಿಗೆ ಬಾಯಲ್ಲಿ ಬೇರೆ ಪ್ರೋಟೀನು, ಕೊಬ್ಬು ಇದ್ದರೆ ಟ್ಯಾನಿನ್ ಅದಕ್ಕೆ ಗಂಟುಬೀಳುತ್ತದೆ, ನಾಲಿಗೆ ಪಾರಾಗುತ್ತದೆ. ಕಡಕ್ ಚಹಾಕ್ಕೆ ಹಾಲು ಹಾಕಿದಾಗ ಒಗರು ಅಡಗುವುದೂ ಇದೇ ಕಾರಣಕ್ಕೆ. ಫ್ಲಾರೆನ್ಸಿನವರು ಎರಡು ಬೆರಳಿಗಿಂತ ದಪ್ಪನಾದ ದನದ ಮಾಂಸದ ತುಂಡನ್ನು ಕೆಂಡದ ಮೇಲೆ ಹೊರಗಷ್ಟೇ ಸುಟ್ಟು, ಒಳಗೆ ರಕ್ತದ ಬಣ್ಣ ಹಾಗೇ ಇರುವಾಗ ತಿಂದು, ಮೇಲೆ ಕಿಯಾಂತಿ ವೈನು ಕುಡಿಯುವುದು ಈ ರಸಾಯನಶಾಸ್ತ್ರದ ದೊಡ್ಡ ಉದಾಹರಣೆ. ಕಿಯಾಂತಿಯ ಸಾಂಜೊವೇಸೆ ದ್ರಾಕ್ಷಿಗೆ ಒಗರಿನ ಜೊತೆ ಹುಳಿಯೂ ಚೆನ್ನಾಗಿದೆ. ಹೀಗಾಗಿ ಅದು ಟೊಮೆಟೊ ಹಾಕಿದ ಅಡಿಗೆಯ ಪಕ್ಕದಲ್ಲೂ ಸಪ್ಪೆಯಾಗುವುದಿಲ್ಲ. ಟೊಮೆಟೊ ಮಾತ್ರ ಇಟಲಿಗೆ ನಮ್ಮ ಮೆಣಸಿನಕಾಯಿಯಷ್ಟೇ ಹೊಸ ನೆಂಟ. ಅಮೆರಿಕದಿಂದ ಬಂದು, ಅಡಿಗೆ ಪುಸ್ತಕದಲ್ಲಿ ಸಾರಿನ ರೂಪದಲ್ಲಿ ಕಾಣಿಸಿಕೊಂಡದ್ದು ಹದಿನೇಳನೆಯ ಶತಮಾನದ ಕೊನೆಗೆ, ನೇಪಲ್ಸಿನ ಆಂತೋನಿಯೊ ಲತೀನಿಯ ಪುಸ್ತಕದಲ್ಲಿ. ಅದೂ ‘ಸ್ಪೇನಿನ ರೀತಿಯದು’ ಎಂಬ ಹಣೆಪಟ್ಟಿ ಹೊತ್ತುಕೊಂಡು.

ಊರಿಂದ ಊರಿಗೆ ಜೋಡಿ ಬದಲಾಗುತ್ತದೆ. ಪಿಯೆಮೊಂತೆಯಲ್ಲಿ ನೆಬ್ಬಿಯೋಲೊ ದ್ರಾಕ್ಷಿಯ ಬರೋಲೊ ವೈನಿನಲ್ಲೇ ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ, ಅದೇ ವೈನನ್ನು ಲೋಟಕ್ಕೂ ಬಗ್ಗಿಸುತ್ತಾರೆ. ಬೆಳ್ಳುಳ್ಳಿ, ಎಣ್ಣೆ, ಉಪ್ಪುಮೀನು ಕುದಿಸಿದ ಬಿಸಿ ಗೊಜ್ಜಿಗೆ ಹಸಿ ತರಕಾರಿ ಅದ್ದಿಕೊಂಡು ತಿನ್ನುವಾಗ ಹುಳಿ ಮುಂದಾದ ಬಾರ್ಬೆರಾ. ಎಮಿಲಿಯಾದಲ್ಲಿ ಹಂದಿಯ ಕೊಬ್ಬಿನದೇ ರಾಜ್ಯ. ಅಲ್ಲಿಗೆ ನೊರೆ ಬರುವ ಕೆಂಪು ಲಂಬ್ರುಸ್ಕೊ, ನಾಲಿಗೆಯ ಜಿಡ್ಡನ್ನು ತಿಕ್ಕಿ ತೊಳೆಯಲು. ಪಕ್ಕದ ಮಾಂತೊವಾದ ಮುದುಕರು ಬಿಸಿ ಸಾರಿಗೇ ಲಂಬ್ರುಸ್ಕೊ ಸುರಿದುಕೊಂಡು ಬಟ್ಟಲೆತ್ತಿ ಕುಡಿಯುತ್ತಾರೆ. ನಂಜಿಕೊಳ್ಳುವುದನ್ನೂ ದಾಟಿ ಕಲಸಿಕೊಳ್ಳುವ ಹಂತ ಅದು. ಇನ್ನು ಟಸ್ಕನಿಯವರ ‘ಇನ್ಫಿನೊಕ್ಕಿಯಾರೆ’ ಎಂಬ ಕ್ರಿಯಾಪದ ನನಗೆ ಬಹಳ ಇಷ್ಟ. ಅದರ ಒಡಲಲ್ಲಿರುವುದು ಬಡೇಸೋಂಪಿನ ಹೆಸರು, ಅರ್ಥ ಮಾತ್ರ ಟೋಪಿ ಹಾಕುವುದು. ಕೆಟ್ಟ ವೈನು ಮಾರುವವನು ಗಿರಾಕಿಗೆ ಮೊದಲು ಸೋಂಪು ಹಾಕಿದ ಸಾಸೇಜನ್ನು ತಿನ್ನಿಸುತ್ತಿದ್ದನಂತೆ, ಸೋಂಪು ನಾಲಿಗೆಯನ್ನು ಮಂಕುಮಾಡಿದರೆ ವೈನಿನ ಕೊಳಕು ತಿಳಿಯುವುದಿಲ್ಲ. ವ್ಯುತ್ಪತ್ತಿ ಪಂಡಿತರು ಒಪ್ಪಲಿ ಬಿಡಲಿ, ಕತೆ ಚೆನ್ನಾಗಿದೆ. ಊಟಕ್ಕೂ ವೈನಿಗೂ ಜೋಡಿ ಕಟ್ಟುವ ವಿದ್ಯೆಗೆ ಮೋಸದ ಮುಖವೂ ಇದೆ ಎಂಬುದನ್ನು ಅದು ಮರೆಯಗೊಡುವುದಿಲ್ಲ.

ಇಷ್ಟು ರುಚಿಯ ಮಾತು. ಇದನ್ನು ಹೇಳುವ ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ಒಂದು ಪ್ರದೇಶದ ವೈನು, ಅದೇ ಪ್ರದೇಶದ ಅಡಿಗೆ, ಸಾವಿರ ವರ್ಷ ಒಟ್ಟಿಗೆ ಬೆಳೆದು ಒಂದಕ್ಕೊಂದು ಹೊಂದಿಕೊಂಡವು ಎಂದು ಅವು ಬರೆಯುತ್ತವೆ. ಕೇಳಲು ಇಂಪಾದ ಮಾತು. ಯಾರ ಊಟ, ಯಾರ ಲೋಟ ಎಂದು ಕೇಳಿದರೆ ಇಂಪು ತುಸು ಕಡಿಮೆಯಾಗುತ್ತದೆ.

ರೋಮನ್ನರಿಂದಲೇ ನೋಡೋಣ. ಅವರು ವೈನಿಗೆ ನೀರು ಬೆರೆಸಿ ಕುಡಿಯುತ್ತಿದ್ದರು, ಊಟದ ಮೊದಲಿಗೆ ಜೇನು ಬೆರೆಸಿದ ವೈನು ಕೊಡುತ್ತಿದ್ದರು, ಫಲೆರ್ನಿಯನ್ ಎಂಬ ಬೆಟ್ಟದ ವೈನಿಗೆ ಪ್ರಾಣ ಬಿಡುತ್ತಿದ್ದರು. ಕ್ರಿಸ್ತಪೂರ್ವ 121ರಲ್ಲಿ ಒಪಿಮಿಯಸ್ ಕಾನ್ಸಲ್ ಆಗಿದ್ದಾಗಿನ ಬೆಳೆಯ ವೈನು ಎಷ್ಟು ಪ್ರಸಿದ್ಧವಾಯಿತೆಂದರೆ, ಸುಮಾರು ಇನ್ನೂರು ವರ್ಷದ ಮೇಲೆ ಪೆಟ್ರೋನಿಯಸ್ ತನ್ನ ಕಾದಂಬರಿಯ ಹೊಸ ಶ್ರೀಮಂತ ಟ್ರಿಮಾಲ್ಕಿಯೊನನ್ನು ಗೇಲಿ ಮಾಡಲು ಅವನ ಜಾಡಿಗಳಿಗೆ ಅದೇ ಹೆಸರಿನ ಚೀಟಿ ಅಂಟಿಸಿದ. ಆದರೆ ನನ್ನ ಪ್ರಕಾರ ರೋಮಿನ ಊಟದ ಮನೆಯ ನಿಜವಾದ ದಾಖಲೆ ಕಿರಿಯ ಪ್ಲಿನಿಯ ಒಂದು ಕಾಗದ. ಕ್ರಿಸ್ತಶಕ ನೂರರ ಆಸುಪಾಸಿನದು. ಯಾರದೋ ಮನೆಗೆ ಊಟಕ್ಕೆ ಹೋಗಿದ್ದ ಪ್ಲಿನಿ ಅಲ್ಲಿ ಮೂರು ಬಗೆಯ ವೈನನ್ನು ಸಣ್ಣ ಹೂಜಿಗಳಲ್ಲಿ ಇಟ್ಟಿದ್ದನ್ನು ನೋಡುತ್ತಾನೆ. ಆರಿಸಿಕೊಳ್ಳಲಿ ಎಂದು ಇಟ್ಟದ್ದಲ್ಲ, ಯಾರೂ ಬೇಡವೆನ್ನದಿರಲಿ ಎಂದು. ಒಂದು ಯಜಮಾನನಿಗೂ ಪ್ಲಿನಿಯಂಥವರಿಗೂ, ಎರಡನೆಯದು ಕಿರಿಯ ಸ್ನೇಹಿತರಿಗೆ (ಆ ಮಹಾಶಯನಲ್ಲಿ ಸ್ನೇಹಿತರಿಗೂ ದರ್ಜೆಯಿತ್ತು), ಮೂರನೆಯದು ದಾಸ್ಯದಿಂದ ಬಿಡುಗಡೆಯಾದ ಆಳುಗಳಿಗೆ. ಪಕ್ಕದಲ್ಲಿ ಕೂತವನು ಪ್ಲಿನಿಯನ್ನು ಕೇಳುತ್ತಾನೆ, ನಿಮ್ಮ ಮನೆಯಲ್ಲಿ ಹೇಗೆ ಎಂದು. ಎಲ್ಲರಿಗೂ ಒಂದೇ ಎನ್ನುತ್ತಾನೆ ಪ್ಲಿನಿ. ಖರ್ಚಾಗುವುದಿಲ್ಲವೇ? ಇಲ್ಲ, ಅವರು ನನ್ನ ವೈನು ಕುಡಿಯುವುದಿಲ್ಲ, ನಾನು ಅವರ ವೈನು ಕುಡಿಯುತ್ತೇನೆ ಎಂದು ಉತ್ತರ.

ಈ ಕಾಗದ ಓದಿದಾಗ ನನಗೆ ‘ಪಂಕ್ತಿಭೇದ’ ಎಂಬ ನಮ್ಮ ಶಬ್ದ ನೆನಪಾದದ್ದರಲ್ಲಿ ಆಶ್ಚರ್ಯವಿಲ್ಲ. ಒಂದೇ ಚಪ್ಪರದ ಕೆಳಗೆ ಒಂದು ಸಾಲಿಗೆ ತುಪ್ಪ, ಇನ್ನೊಂದು ಸಾಲಿಗೆ ತುಪ್ಪದ ಹೆಸರು. ಜುವೆನಲ್ ಕವಿಯೂ ತನ್ನ ಐದನೆಯ ವಿಡಂಬನೆಯನ್ನು ಇಡಿಯಾಗಿ ಇಂಥದೊಂದು ಊಟಕ್ಕೆ ಮೀಸಲಿಟ್ಟಿದ್ದಾನೆ. ಆಶ್ರಯದಾತ ಹಳೆಯ ಒಳ್ಳೆಯ ವೈನು ಹೀರುತ್ತಿರುವಾಗ ಆಶ್ರಿತನ ಮುಂದೆ ಬಂದದ್ದು ಗಾಯದ ಉಣ್ಣೆ ಅದ್ದುವುದಕ್ಕೂ ಲಾಯಕ್ಕಿಲ್ಲದ ವೈನು.

ಇವರೆಲ್ಲ ಚಪ್ಪರದ ಒಳಗಿನವರು. ಹೊರಗಿನವರ ಲೆಕ್ಕ ಇರುವುದು ಇನ್ನೂ ಹಿಂದೆ, ಕ್ರಿಸ್ತಪೂರ್ವ ಎರಡನೆಯ ಶತಮಾನದ ಕೇಟೋ ಬರೆದ ಬೇಸಾಯದ ಪುಸ್ತಕದಲ್ಲಿ. ಮುದಿ ಎತ್ತಿನ ಜೊತೆಗೆ ಮುದಿಯಾದ, ಕಾಯಿಲೆ ಬಿದ್ದ ಗುಲಾಮನನ್ನೂ ಮಾರಿಬಿಡಿ ಎಂದು ಬುದ್ಧಿ ಹೇಳಿದ ಪುಸ್ತಕ ಅದು. ಆಳುಗಳಿಗೆ ಕೊಡಬೇಕಾದ ವೈನನ್ನೂ ಅದರಲ್ಲಿ ತಿಂಗಳುವಾರು ಬರೆದಿದೆ. ದ್ರಾಕ್ಷಿ ಕೊಯ್ಲು ಮುಗಿದ ಮೇಲಿನ ಮೂರು ತಿಂಗಳು ಅವರಿಗೆ ‘ಲೋರಾ’. ಲೋರಾ ಎಂದರೆ ರಸ ಹಿಂಡಿ ತೆಗೆದ ದ್ರಾಕ್ಷಿಯ ಹಿಪ್ಪೆಗೆ ನೀರು ಹೊಯ್ದು, ಇನ್ನೊಂದು ಸಲ ಹುದುಗಿಸಿ ಬಸಿದದ್ದು. ತೆಳ್ಳಗಿನ ಬಣ್ಣ, ತೆಳ್ಳಗಿನ ಹುಳಿ, ಉಳಿದುಕೊಂಡ ಚೊಗರು. ನಾಲ್ಕನೆಯ ತಿಂಗಳಿಂದ ಅಳತೆ ಪ್ರಕಾರ ವೈನು. ಲೋರಾದ ಹೆಸರನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ನಡುಗಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಗ ಊಟಕ್ಕೆ ವೈನು ಹೊಂದಿಸುತ್ತಿದ್ದವರು ಮುಖ್ಯವಾಗಿ ವೈದ್ಯರು. ನಮ್ಮ ಅಜ್ಜಿಯರ ಉಷ್ಣ, ಶೀತದ ಲೆಕ್ಕಾಚಾರವೇ ಅವರದೂ. ಕರ್ಬೂಜ ತಂಪು, ಅದರ ಮೇಲೆ ಬಿಸಿ ಗುಣದ ವೈನು ಬೀಳಬೇಕು. ಎರಡನೆಯ ಪೌಲ್ ಎಂಬ ಪೋಪ್ 1471ರಲ್ಲಿ ಸತ್ತದ್ದು ಕರ್ಬೂಜವನ್ನು ಮಿತಿಮೀರಿ ತಿಂದದ್ದರಿಂದ ಎಂದು ಆ ಕಾಲದವರು ಹೇಳಿದರು. ಮೂರನೆಯ ಪೌಲ್ ಪೋಪನ ಬಳಿ ಸಾಂತೆ ಲಂಚೇರಿಯೊ ಎಂಬ ವೈನಿನ ಉಸ್ತುವಾರಿಯವನಿದ್ದ. ಹದಿನಾರನೆಯ ಶತಮಾನದ ನಡುವಿನಲ್ಲಿ ಆತ ಬರೆದ ವೈನುಗಳ ಪಟ್ಟಿ ಉಳಿದಿದೆ. ಅದರಲ್ಲಿ ಮೊಂತೆಪುಲ್ಚಾನೊದ ವೈನಿಗೆ ಸಿಕ್ಕ ಪ್ರಶಸ್ತಿ ‘ಪ್ರಭುಗಳಿಗೆ ತಕ್ಕದ್ದು’ ಎಂದು. ಮಾಂಸಕ್ಕೆ ತಕ್ಕದ್ದು, ಮೀನಿಗೆ ತಕ್ಕದ್ದು ಎನ್ನುವುದಕ್ಕಿಂತ ಮೊದಲು ವೈನು ಇಂಥ ಮನುಷ್ಯನಿಗೆ ತಕ್ಕದ್ದು ಎಂದು ತೀರ್ಮಾನವಾಗುತ್ತಿತ್ತು. ಊಟವೂ ಅಷ್ಟೆ. ಜೂಲಿಯೊ ಚೇಸರೆ ಕ್ರೋಚೆ 1606ರಲ್ಲಿ ಅಚ್ಚುಹಾಕಿಸಿದ ಬೆರ್ತೊಲ್ದೊ ಕತೆಯಲ್ಲಿ, ನಮ್ಮ ತೆನಾಲಿ ರಾಮನಂಥ ಜಾಣ ರೈತನೊಬ್ಬ ಅರಮನೆ ಸೇರಿ ಅಲ್ಲಿನ ಮೃಷ್ಟಾನ್ನದಿಂದಲೇ ಕಾಯಿಲೆ ಬೀಳುತ್ತಾನೆ. ಟರ್ನಿಪ್ ಗೆಡ್ಡೆ, ಹುರುಳಿಕಾಳು ಬೇಯಿಸಿ ಕೊಡಿ ಎಂದು ಬೇಡಿಕೊಂಡರೂ ಆಸ್ಥಾನದ ವೈದ್ಯರು ಕೊಡುವುದಿಲ್ಲ, ಸಾಯುತ್ತಾನೆ. ಬಡವನ ಹೊಟ್ಟೆಗೆ ಬಡ ಊಟವೇ ಹಿತ ಎಂಬ ತತ್ವವನ್ನು ಇಷ್ಟು ತಮಾಷೆಯಾಗಿ ಹೇಳಿದವರು ಕಡಿಮೆ. ಇಟಲಿಯಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಗಾದೆಯೊಂದಿದೆ: ಮರಸೇಬಿನ ಜೊತೆ ಚೀಸು ಎಷ್ಟು ರುಚಿ ಎಂಬುದನ್ನು ರೈತನಿಗೆ ತಿಳಿಯಗೊಡಬೇಡ. ತಿಳಿದರೆ ಪಾಲು ಕೊಟ್ಟಾನೆಯೇ?

ಈಗ ಬರೋಲೊ ಬೆಳೆಯುವ ಲಾಂಗೆ ಗುಡ್ಡಗಳಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬರೋಲೊದ ಮಾರ್ಕೀಸಳಾಗಿದ್ದ ಜೂಲಿಯಾ ಫಲ್ಲೆತ್ತಿಯ ಬಗ್ಗೆ ಒಂದು ಐತಿಹ್ಯವಿದೆ. ನಿಮ್ಮ ವೈನಿನ ಸುದ್ದಿ ಬಹಳ ಕೇಳಿದ್ದೇನೆ, ರುಚಿ ನೋಡಿಲ್ಲ ಎಂದು ಕಾರ್ಲೊ ಅಲ್ಬೆರ್ತೊ ರಾಜ ಅಂದನಂತೆ. ಆಕೆ 325 ಗಾಡಿ ಪೀಪಾಯಿಗಳನ್ನು ತೂರಿನಿಗೆ ಹೊರಡಿಸಿದಳಂತೆ. ವರ್ಷದ ದಿನಕ್ಕೊಂದು ಗಾಡಿ, ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತವನ್ನು ಕಳೆದು. ಬರೋಲೊದ ‘ರಾಜರ ವೈನು’ ಎಂಬ ಬಿರುದು ಇಂಥ ಕತೆಗಳಿಂದ ಗಟ್ಟಿಯಾಯಿತು.

ಆ ಗುಡ್ಡಗಳಲ್ಲೇ ನಡೆಯುವ ಇನ್ನೊಂದು ಕತೆ ಬೆಪ್ಪೆ ಫೆನೋಲಿಯೊ 1954ರಲ್ಲಿ ಪ್ರಕಟಿಸಿದ ‘ಲಾ ಮಲೋರಾ’ ಎಂಬ ಕಿರುಕಾದಂಬರಿ. ಫೆನೋಲಿಯೊ ಲಾಂಗೆಯ ಪಕ್ಕದ ಆಲ್ಬಾದವನು, ಬೇರೆ ವೈನ್ ಕಂಪನಿಯೊಂದರಲ್ಲಿ ಪತ್ರವ್ಯವಹಾರ ನೋಡಿಕೊಂಡಿದ್ದವನು. ಅದರಲ್ಲಿ ಅರೆಪಾಲಿನ ರೈತನೊಬ್ಬನ ಮನೆಗೆ ಹುಡುಗನೊಬ್ಬ ಜೀತಕ್ಕೆ ಸೇರುತ್ತಾನೆ. ಹಗಲೂ ರಾತ್ರಿ ಮೆಕ್ಕೆಜೋಳದ ಮುದ್ದೆ. ಮೇಜಿನ ಮೇಲೆ ದಾರದಲ್ಲಿ ಒಂದು ಉಪ್ಪುಮೀನು, ಬೆರಳುದ್ದದ ಆಂಚೊವಿ, ತೂಗಾಡುತ್ತಿರುತ್ತದೆ. ಮನೆಯವರೆಲ್ಲ ಸರದಿಯ ಮೇಲೆ ಮುದ್ದೆಯ ತುಂಡನ್ನು ಆ ಮೀನಿಗೆ ತಿಕ್ಕಿ ತಿನ್ನಬೇಕು. ಮೀನಿಗೆ ಮೀನಿನ ಆಕಾರ ಉಳಿಯದಿದ್ದರೂ ಇನ್ನೂ ಕೆಲವು ದಿನ ತಿಕ್ಕುತ್ತಾರೆ. ನಂಜಿಕೊಳ್ಳುವುದರ ಇಷ್ಟು ಕಠೋರವಾದ ಚಿತ್ರವನ್ನು ನಾನು ಬೇರೆಲ್ಲೂ ಓದಿಲ್ಲ. ಬರೀ ಮೆಕ್ಕೆಜೋಳ ತಿಂದು ಬರುವ ಪೆಲಾಗ್ರಾ ಎಂಬ ಚರ್ಮದ, ಆಮೇಲೆ ಬುದ್ಧಿಭ್ರಮಣೆಯ ಕಾಯಿಲೆ 1881ರ ಎಣಿಕೆಯಲ್ಲಿ ಇಟಲಿಯ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿತ್ತು. ಅವರಲ್ಲಿ ಬಹುಪಾಲು ಉತ್ತರದ ರೈತಾಪಿ ಜನ, ಈಗ ನಾವು ಜಗತ್ಪ್ರಸಿದ್ಧ ವೈನುಗಳ ಹೆಸರಿನಿಂದ ಗುರುತಿಸುವ ಸೀಮೆಗಳವರು.

ದಕ್ಷಿಣದ ಪುಲಿಯಾದ ಗತಿ ಬೇರೆ. ಅಲ್ಲಿನ ಗಾಢ ಕೆಂಪು ವೈನು ಹೆಸರಿಲ್ಲದೆ ಟ್ಯಾಂಕು ತುಂಬಿ ಉತ್ತರಕ್ಕೂ ಫ್ರಾನ್ಸಿಗೂ ಹೋಗುತ್ತಿತ್ತು, ಅಲ್ಲಿನ ಬಡಕಲು ವೈನಿಗೆ ಮೈಕೈ ಕೊಡಲು. ಬೇರೆಯವರ ಊಟಕ್ಕೆ ಬೇರೆಯವರ ಹೆಸರಿನಲ್ಲಿ ಬಡಿಸಲ್ಪಟ್ಟ ವೈನು ಅದು.

ಅಗ್ಗದ ವೈನು ಕುಡಿಯುವವರ ಮೇಲೆ ನಡೆದ ಅತ್ಯಂತ ದೊಡ್ಡ ಅನ್ಯಾಯ ಮಾತ್ರ ತೀರ ಈಚಿನದು. 1986ರ ಮಾರ್ಚಿನಲ್ಲಿ ಉತ್ತರ ಇಟಲಿಯಲ್ಲಿ ಜನ ಸಾಯತೊಡಗಿದರು, ಕೆಲವರಿಗೆ ಕಣ್ಣು ಹೋಯಿತು. ಲಾಂಗೆಯ ಅಂಚಿನಲ್ಲೇ ಇರುವ ಊರೊಂದರ ವ್ಯಾಪಾರಿಗಳು ನೀರಸ ವೈನಿನ ಅಮಲು ಏರಿಸಲು ಮೆಥನಾಲ್ ಬೆರೆಸಿದ್ದರು. ಸತ್ತವರು 23 ಜನ. ಅಂಗಡಿಯಲ್ಲಿ ಅತ್ಯಂತ ಕಡಿಮೆ ಬೆಲೆಗೆ ಸಿಗುವ, ದಿನದ ಊಟಕ್ಕೆ ಇರಲಿ ಎಂದು ದೊಡ್ಡ ಬಾಟಲಿಯಲ್ಲಿ ಒಯ್ಯುವ ಬಾರ್ಬೆರಾದಂಥ ವೈನು. ಸುದ್ದಿ ಓದುವಾಗ ನನಗೆ 1981ರ ಜುಲೈನ ಬೆಂಗಳೂರು ಕಣ್ಣಮುಂದೆ ಬಂತು. ಅಲ್ಲೂ ಅದೇ ಮೆಥನಾಲ್. ಸತ್ತವರು ಮುನ್ನೂರಕ್ಕೂ ಹೆಚ್ಚು, ಬಹುತೇಕ ಕೂಲಿಯವರು. ಇಟಲಿ ಎಚ್ಚೆತ್ತುಕೊಂಡಿತು, ತಪಾಸಣೆ ಬಿಗಿಯಾಯಿತು, ಕಡಿಮೆ ಮಾಡಿ ಒಳ್ಳೆಯದು ಮಾಡೋಣ ಎಂದು ಬೆಳೆಗಾರರು ತಿರುಗಿದರು. ಈಗಿನ ಬಾರ್ಬೆರಾದ ಮಾನ, ಬೆಲೆ ಎರಡೂ ಆ 23 ಸಾವುಗಳ ನಂತರದ್ದು. ಯಾವ ಬಾಟಲಿಯ ಚೀಟಿಯ ಮೇಲೂ ಇದನ್ನು ಬರೆಯುವುದಿಲ್ಲ.

ಟಸ್ಕನಿಯನ್ನು ಕೊನೆಗೆ ಇಟ್ಟುಕೊಂಡದ್ದು ನನಗೆ ಗೊತ್ತಿರುವ ಸೀಮೆ ಎಂಬ ಕಾರಣಕ್ಕೆ. ಕಿಯಾಂತಿಯ ಎಲ್ಲೆಯನ್ನು ಮೂರನೆಯ ಕೋಸಿಮೊ ಎಂಬ ಗ್ರ್ಯಾಂಡ್ ಡ್ಯೂಕ್ 1716ರಲ್ಲೇ ಆಜ್ಞೆ ಹೊರಡಿಸಿ ಗೊತ್ತುಮಾಡಿದ್ದ. ಅದರ ಪಾಕವನ್ನು ಗೊತ್ತುಮಾಡಿದವನು ಬ್ರೋಲಿಯೊ ಕೋಟೆಯ ಬ್ಯಾರನ್ ಬೆತ್ತೀನೊ ರಿಕಾಸೊಲಿ. ಎರಡು ಸಲ ಇಟಲಿಯ ಪ್ರಧಾನಮಂತ್ರಿಯಾಗಿ, ರಾಜಕೀಯ ಸಾಕಾಗಿ ದ್ರಾಕ್ಷಿಗೆ ಮರಳಿದವನು. 1872ರಲ್ಲಿ ಪೀಸಾದ ಪ್ರೊಫೆಸರರೊಬ್ಬರಿಗೆ ಬರೆದ ಕಾಗದದಲ್ಲಿ ಆತ ಲೆಕ್ಕ ಕೊಡುತ್ತಾನೆ: ಸಾಂಜೊವೇಸೆಯಿಂದ ಪರಿಮಳ ಮತ್ತು ಕಸುವು, ಕನಾಯೋಲೊದಿಂದ ಆ ಕಸುವಿನ ಗಡಸು ತಗ್ಗುವುದು, ಬಿಳಿ ಮಲ್ವಾಸಿಯಾದಿಂದ ವೈನು ಹಗುರಾಗಿ ದಿನದ ಊಟಕ್ಕೆ ಒದಗುವುದು. ವರ್ಷಗಟ್ಟಲೆ ಇಡುವ ವೈನಿಗೆ ಬಿಳಿಯದನ್ನು ಹಾಕದಿರುವುದೇ ಮೇಲು ಎಂದೂ ಸೇರಿಸಿದ್ದಾನೆ. ಅವನ ಮೇಲುಮಾತನ್ನು ಮರೆತು 1967ರ ಕಾನೂನು ಕಿಯಾಂತಿಗೆ ನೂರಕ್ಕೆ ಹತ್ತರಿಂದ ಮೂವತ್ತು ಪಾಲು ಬಿಳಿ ದ್ರಾಕ್ಷಿಯನ್ನು ಕಡ್ಡಾಯ ಮಾಡಿತು. ಅದನ್ನು ಬಿಡಿಸಿಕೊಳ್ಳಲು ಇನ್ನೂ ಮೂವತ್ತು ವರ್ಷ ಹಿಡಿಯಿತು. ರುಚಿಯ ಇತಿಹಾಸಕಾರರಿಗೆ ಈ ಕಾಗದ ಒಂದು ಶಾಸನವಿದ್ದಂತೆ. ಅದರ ಕೊನೆಯ ಶಬ್ದಗಳಲ್ಲಿ ನನಗೆ ಆಸಕ್ತಿ: ದಿನದ ಊಟ. ಯಾರ ಮನೆಯ ದಿನದ ಊಟ?

ಬ್ರೋಲಿಯೊ ಸೇರಿದಂತೆ ಟಸ್ಕನಿಯ ಗುಡ್ಡಗಳನ್ನೆಲ್ಲ ದುಡಿದವರು ಮೆಜ್ಜದ್ರಿಯಾದ ರೈತರು. ಮೆಜ್ಜೊ ಎಂದರೆ ಅರ್ಧ. ನಮ್ಮ ಬಯಲುಸೀಮೆಯ ‘ಕೋರು’ ಇದ್ದ ಹಾಗೆ. ಭೂಮಿ, ಮನೆ ಒಡೆಯನದು, ಮೈಮುರಿಯುವ ದುಡಿತ ರೈತನ ಇಡೀ ಕುಟುಂಬದ್ದು, ಬೆಳೆದದ್ದರಲ್ಲಿ ಅರ್ಧ ಅರ್ಧ. ಗೋಧಿ ಅರ್ಧ, ಎಣ್ಣೆ ಅರ್ಧ, ವೈನು ಅರ್ಧ. ಅದರ ಮೇಲೆ ಹಬ್ಬಹರಿದಿನಕ್ಕೆ ಒಡೆಯನ ಮನೆಗೆ ಕೋಳಿ, ಮೊಟ್ಟೆ. ಕಡತದಲ್ಲಿ ಮೊಟ್ಟೆಯ ಎಣಿಕೆ ನೋಡಿದಾಗ ನಮ್ಮ ಗೇಣಿಯವರು ಹೊತ್ತು ತರುತ್ತಿದ್ದ ಬಾಳೆಗೊನೆ, ಸೌತೆಕಾಯಿ ನೆನಪಾಗುತ್ತಿತ್ತು. ದ್ರಾಕ್ಷಿಗೆಂದೇ ಬೇರೆ ತೋಟ ಕಡಿಮೆ. ಗೋಧಿಹೊಲದ ಬದುವಿನ ಮೇಪಲ್ ಮರಕ್ಕೆ ಬಳ್ಳಿ ಹಬ್ಬಿಸುತ್ತಿದ್ದರು, ನಾವು ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಿದಂತೆ. ಈಗಿನ ಚಿತ್ರಪಟಗಳಲ್ಲಿ ಕಾಣುವ ಬರೀ ದ್ರಾಕ್ಷಿಯ ಉದ್ದನೆಯ ಸಾಲುಗಳು ಬಹುಮಟ್ಟಿಗೆ 1960ರ ನಂತರ ಬಂದವು.

ಆ ವರ್ಷಗಳ ಮೂರು ತಾರೀಖುಗಳನ್ನು ನಾನು ಪಕ್ಕಪಕ್ಕ ಇಟ್ಟು ನೋಡುವುದುಂಟು. 1963ರಲ್ಲಿ ವೈನಿನ ಹೆಸರು ಮತ್ತು ಹುಟ್ಟಿದ ಸ್ಥಳಕ್ಕೆ ರಕ್ಷಣೆ ಕೊಡುವ ಕಾನೂನು ಬಂತು. 1964ರಲ್ಲಿ ಹೊಸದಾಗಿ ಮೆಜ್ಜದ್ರಿಯಾ ಕರಾರು ಮಾಡುವುದನ್ನು ನಿಷೇಧಿಸುವ ಕಾನೂನು. 1965ರಲ್ಲಿ ಮಿಲಾನಿನಲ್ಲಿ ಇಟಲಿಯ ಸೊಮೆಲಿಯೇ ಸಂಘದ ಸ್ಥಾಪನೆ. ಸೊಮೆಲಿಯೇ ಎಂದರೆ ಊಟಕ್ಕೆ ವೈನು ಹೊಂದಿಸಿಕೊಡುವ ಪರಿಣತ. ‘ಅಬ್ಬಿನಮೆಂತೊ’, ಜೋಡಿ ಕಟ್ಟುವುದು, ಎಂಬುದನ್ನು ಕೊಬ್ಬಿಗೆ ಎಷ್ಟು ಅಂಕ, ಒಗರಿಗೆ ಎಷ್ಟು ಅಂಕ ಎಂದು ನಕ್ಷೆ ಬರೆದು ಪಾಠ ಮಾಡಿದವರು ಈ ಸಂಘದವರೇ. ಅಂದರೆ ರೈತರು ಗುಡ್ಡ ಬಿಟ್ಟು ಫ್ಲಾರೆನ್ಸಿನ, ಮಿಲಾನಿನ ಕಾರ್ಖಾನೆಗಳಿಗೆ ಹೋಗುತ್ತಿದ್ದ ಹೊತ್ತಿನಲ್ಲೇ ಅವರ ಅಡಿಗೆಮನೆಯ ಊಟಕ್ಕೆ ಶಾಸ್ತ್ರ ಹುಟ್ಟಿತು. ವೈನು ಹೊಟ್ಟೆಯ ಲೆಕ್ಕದಿಂದ ನಾಲಿಗೆಯ ಲೆಕ್ಕಕ್ಕೆ ಬಂತು. 1970ರ ಸುಮಾರಿಗೆ ಇಟಲಿಯಲ್ಲಿ ತಲೆಗೆ ವರ್ಷಕ್ಕೆ ನೂರು ಲೀಟರಿಗೂ ಹೆಚ್ಚು ವೈನು ಖರ್ಚಾಗುತ್ತಿತ್ತು. ಈಗ ಅದರ ಅರ್ಧವೂ ಇಲ್ಲ. ಕುಡಿಯುವುದು ಇಳಿದಂತೆ ಅದರ ಬಗ್ಗೆ ಮಾತು ಏರಿತು.

ನಾನು ಸಿಯೆನಾದಲ್ಲಿದ್ದಾಗ, ಏಪ್ರಿಲ್ ತಿಂಗಳ ಒಂದು ಭಾನುವಾರ, ಕಿಯಾಂತಿಯ ಒಬ್ಬ ಹಿರಿಯರ ಮನೆಗೆ ಊಟಕ್ಕೆ ಹೋಗಿದ್ದೆ. ಎಪ್ಪತ್ತು ದಾಟಿದವರು. ಅಪ್ಪ, ಅಜ್ಜ ಎಲ್ಲರೂ ಮೆಜ್ಜದ್ರಿಯಾದವರು, ಅವರೂ ನಲವತ್ತರವರೆಗೆ ಅದನ್ನೇ ಮಾಡಿ, ಒಡೆಯ ಪಾಲು ಮಾರಲು ಹೊರಟಾಗ ಸಾಲ ಮಾಡಿ ಅದೇ ಮನೆಯನ್ನು ಕೊಂಡವರು. ನಮ್ಮಲ್ಲಿ 1974ರ ಕಾನೂನಿನ ಮೇಲೆ ಡಿಕ್ಲರೇಶನ್ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತು ಗೇಣಿದಾರರು ಒಡೆಯರಾದ ಸಂಗತಿಯನ್ನು ಹೇಳಿದಾಗ, “ಕೊಳ್ಳಬೇಕಾಗಲಿಲ್ಲವೇ?” ಎಂದು ಎರಡು ಸಲ ಕೇಳಿದರು. ಸೊಸೆ ಮನೆಯ ಒಂದು ಭಾಗವನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಟ್ಟು ಊಟವನ್ನೂ ಹಾಕುತ್ತಿದ್ದಳು. ನನಗಾಗಿ ಅವತ್ತು ರಿಬೊಲ್ಲೀತಾ. ಕರಿ ಎಲೆಕೋಸು, ಬಿಳಿ ಹುರುಳಿಕಾಳು, ಉಪ್ಪಿಲ್ಲದ ತಂಗಳು ಬ್ರೆಡ್ಡು ಸೇರಿಸಿ ಕುದಿಸಿ, ಮಾರನೆಯ ದಿನ ಮತ್ತೆ ಕುದಿಸುವ ಸಾರು. ‘ಎರಡನೆಯ ಸಲ ಕುದಿಸಿದ್ದು’ ಎಂದೇ ಅದರ ಅರ್ಥ. ಪ್ರವಾಸಿಗಳಿಗೆ ಇದರ ಜೊತೆ ಯಾವ ವೈನು ಎಂದು ಕೇಳಿದೆ. ಕಿಯಾಂತಿ ಕ್ಲಾಸಿಕೊ, ರಿಜೆರ್ವಾ ಆದರೆ ಇನ್ನೂ ಒಳ್ಳೆಯದು, ಹುರುಳಿಕಾಳಿನ ಹಿಟ್ಟುತನಕ್ಕೆ ಅದರ ಹುಳಿ ಸರಿಹೋಗುತ್ತದೆ ಎಂದಳು. ಸರಿಯಾದ ಮಾತೇ. ನಾನೂ ಎರಡು ಗುಟುಕು ನಂಜಿಕೊಂಡೆ, ಸರಿಹೋಯಿತು.

ಹಿರಿಯರು ಮಾತ್ರ ನಕ್ಕರು. ಪ್ರೊಫೆಸೋರೆ, ಈ ಸಾರನ್ನು ಈ ವೈನಿನ ಜೊತೆ ನಮ್ಮ ಅಪ್ಪ ಒಂದು ದಿನವೂ ಉಂಡವರಲ್ಲ ಎಂದರು. ಅರ್ಧ ವೈನು ಒಡೆಯನಿಗೆ, ಉಳಿದರ್ಧವನ್ನು ಮಾರಿದರೆ ಉಪ್ಪು, ಬಟ್ಟೆ, ಬೀಜದ ಸಾಲ. ಮನೆಯಲ್ಲಿ ಕುಡಿಯುತ್ತಿದ್ದದ್ದು ‘ಅಕ್ವೆರೆಲ್ಲೊ’. ಇಟಲಿಯ ಭಾಷೆಯಲ್ಲಿ ಚಿತ್ರಗಾರರ ಜಲವರ್ಣಕ್ಕೂ ಇದೇ ಹೆಸರು. ಹಿಂಡಿದ ಹಿಪ್ಪೆಯನ್ನು ಪೀಪಾಯಿಗೆ ಹಾಕಿ, ಬಾವಿಯ ನೀರು ಹೊಯ್ದು, ಕೆಲವು ದಿನ ಬಿಟ್ಟು ಬಸಿಯುವುದು. ಒಳ್ಳೆಯ ವರ್ಷ ಒಂದು ಸಲ ನೀರು, ಕೆಟ್ಟ ವರ್ಷ ಅದೇ ಹಿಪ್ಪೆಗೆ ಇನ್ನೊಂದು ಸಲ.

ಅವರು ಕೈಸನ್ನೆ ಮಾಡಿ ವಿವರಿಸತೊಡಗಿದ್ದರು, ಅಗತ್ಯವಿರಲಿಲ್ಲ. ನಾನು ಬೆಳೆದ ಮನೆಯಲ್ಲಿ ಕಾಫಿಯ ಮೊದಲ ಡಿಕಾಕ್ಷನ್ ಒಳಗಿನವರಿಗೆ, ಅದೇ ಗಸಿಗೆ ಮತ್ತೆ ಬಿಸಿನೀರು ಹೊಯ್ದು ಬೆಲ್ಲ ಹಾಕಿದ್ದು ಅಂಗಳದಲ್ಲಿ ಅಡಿಕೆ ಸುಲಿಯಲು ಬಂದವರಿಗೆ. ಮಜ್ಜಿಗೆಯೂ ಹಾಗೆ, ನಮ್ಮದು ಬೇರೆ ಅವರದು ಬೇರೆ. ಆ ಎರಡನೆಯ ಡಿಕಾಕ್ಷನ್ನಿನ ಪಾತ್ರೆ ಯಾವುದು, ಒಲೆಯ ಯಾವ ಬದಿಗೆ ಇರುತ್ತಿತ್ತು ಎಂಬುದು ನನಗೆ ಈಗಲೂ ನೆನಪಿದೆ. ಅಂಗಳದವರ ಬಾಯಿಗೆ ಅದು ಹೇಗಿರುತ್ತಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ.

ಹಾಗಾಗಿ ಹಿರಿಯರನ್ನು ಕೇಳಿದೆ, ಅಕ್ವೆರೆಲ್ಲೊಕ್ಕೆ ಯಾವ ಊಟ ಹೊಂದುತ್ತದೆ ಎಂದು. ಅವರು ಯೋಚಿಸಿಯೇ ಉತ್ತರ ಕೊಟ್ಟರು. ಬೆಳಿಗ್ಗೆ ಹತ್ತಕ್ಕೆ ಹೊಲದಲ್ಲಿ, ಬ್ರೆಡ್ಡಿನ ಜೊತೆ ಹಸಿ ಈರುಳ್ಳಿ ಕಚ್ಚಿಕೊಂಡಾಗ ಅದಕ್ಕಿಂತ ಒಳ್ಳೆಯದಿಲ್ಲ, ರಿಜೆರ್ವಾ ಅಲ್ಲಿ ನಡೆಯುವುದಿಲ್ಲ, ಈರುಳ್ಳಿ ಅದನ್ನು ಕೊಂದುಹಾಕುತ್ತದೆ ಎಂದರು. ಮನೆಯಲ್ಲಿ ಬೇಕಾದಷ್ಟು ವೈನಿದ್ದರೂ ಅವರು ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಒಂದು ಸಣ್ಣ ಪೀಪಾಯಿ ಅಕ್ವೆರೆಲ್ಲೊ ಮಾಡಿಟ್ಟುಕೊಳ್ಳುತ್ತಿದ್ದರು. ಸೊಸೆಗೆ ಅದು ಇಷ್ಟವಿಲ್ಲ, ಪ್ರವಾಸಿಗಳ ಕಣ್ಣಿಗೆ ಬೀಳದಿರಲೆಂದು ಪೀಪಾಯಿಯನ್ನು ಹಂದಿಗೂಡಿನ ಪಕ್ಕದ ಕತ್ತಲಕೋಣೆಗೆ ಹಾಕಿಸಿದ್ದಳು. ಮಾರುವಂತೆಯೂ ಇಲ್ಲ, ಕಾನೂನು ಅದನ್ನು ಬೆಳೆಗಾರನ ಮನೆಯ ಬಳಕೆಗೆ ಮಾತ್ರ ಬಿಟ್ಟಿದೆ.

ರುಚಿ ನೋಡಬೇಕೆಂದು ಕೇಳಿದೆ. ಹಿರಿಯರು ತಲೆಯಾಡಿಸಿದರು. ಚಳಿ ಇರುವತನಕ ಮಾತ್ರ ಅದು ನಿಲ್ಲುವುದು, ಬಿಸಿಲು ಏರಿದರೆ ಹುಳಿ ತಿರುಗುತ್ತದೆ, ಮಾರ್ಚಿನಲ್ಲೇ ಚೆಲ್ಲಿಬಿಟ್ಟೆ ಎಂದರು. ಕೇಟೋ ಲೋರಾಕ್ಕೆ ಇಟ್ಟ ಮೂರು ತಿಂಗಳಿಗಿಂತ ಸ್ವಲ್ಪ ಹೆಚ್ಚೇ ಬಾಳಿತ್ತು. ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋಗಿ, ತೊಳೆದು ಬೋರಲು ಹಾಕಿದ ಪೀಪಾಯಿಯನ್ನು ತೋರಿಸಿದರು.